ಕೆಳಗಿನವರು ಕೇಳಿದರೆ

ಫೆಬ್ರವರಿ 10, 2025, ಸೋಮವಾರ

ಬಳ್ಳಾರಿಯ ಕಪ್ಪಗಲ್ಲು ರಸ್ತೆಯ ಮನೆಯ ಮೇಲಂತಸ್ತು ಮೂರು ವರ್ಷಕ್ಕೆ ಲೀಸಿಗೆ ಸಿಕ್ಕಿತು. ಮೂರು ರೂಮು, ಒಂದು ಅಡುಗೆಮನೆ, ನಾನು ಮಲಗಲು ಹಿಂದೆ ಒಂದು ಸಣ್ಣ ಕೋಣೆ. ಓನರ್ ಗವಿಸಿದ್ದಪ್ಪನವರು ಹೆಂಡತಿ ಉಚ್ಚೆಂಗೆಮ್ಮನ ಜೊತೆ ಕೆಳಗಿರುತ್ತಾರೆ. ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಮಾತು ಕಡಿಮೆ, ನೋಟ ಜಾಸ್ತಿ.

ಯಾರನ್ನು ಇಡುತ್ತೀ ಎಂದು ಕೇಳಿದರು. ಆಸ್ಪತ್ರೆಗೆ, ಪರೀಕ್ಷೆಗೆ ಅಂತ ಊರುಗಳಿಂದ ಬರುವ ಸಂಸಾರಸ್ಥರು, ನಾಲ್ಕು ದಿನ, ಎಂಟು ದಿನ ಇದ್ದು ಹೋಗುವವರು ಅಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಗೆಳತಿ ಮೇಘಾ ಬರೆದುಕೊಟ್ಟ ಹಾಳೆ ನನ್ನ ಚೀಲದಲ್ಲೇ ಇತ್ತು. ಆಟಿಸಂ ಇರುವವರು, ಒಂದು ಕಡೆ ಕೂರಲಾಗದವರು, ಸದ್ದು, ಬೆಳಕು, ಜನಜಂಗುಳಿ ತಡೆಯಲಾಗದವರು, ಅಂಥವರಿಗೆ ಒಗ್ಗುವ ಮನೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಳು. ನನ್ನ ಕೈ ಚೀಲದೊಳಗೆ ಹೋಗಿ ಬರಿಗೈಯಾಗಿ ವಾಪಸ್ ಬಂತು. ತೋರಿಸಿದ್ದರೆ ಈ ಮನೆಯೂ ಕೈ ತಪ್ಪುತ್ತಿತ್ತು. ಇದಕ್ಕೂ ಮುಂಚೆ ನಾಲ್ಕು ಮನೆಯವರು ಹಾಳೆ ಓದಿಯೇ ಬೇಡ ಅಂದಿದ್ದರು.

ಮೇಘಾ ಇಲ್ಲಿಂದ ಎರಡು ರಸ್ತೆ ಆಚೆ ಅಂಥ ಮಕ್ಕಳಿಗೆ ತರಬೇತಿ ಕೊಡುತ್ತಾಳೆ. ಸಿರುಗುಪ್ಪ, ಕುರುಗೋಡು ಕಡೆಯಿಂದ ಹದಿನೈದು ದಿನದ ತರಬೇತಿಗೆ ಬರುವ ತಾಯಂದಿರಿಗೆ ಲಾಡ್ಜಿನವರು ರೂಮು ಕೊಡುವುದಿಲ್ಲ. ಕೊಟ್ಟರೂ ಮರುದಿನ ಬಿಡಿಸುತ್ತಾರೆ. ನೀನು ಹನ್ನೊಂದು ವರ್ಷ ಲಾಡ್ಜಿನ ಕೌಂಟರ್ ನೋಡಿಕೊಂಡವಳು, ನೀನೇ ಮಾಡು ಎಂದು ಅವಳು ಹಿಡಿದ ಪಟ್ಟು. ಯಾಕೆ ಒಪ್ಪಿದೆ ಎಂದು ಆಮೇಲೆ ಅವಳೇ ಕೇಳಿದಾಗ, ಬಿಸಿನೆಸ್ ಅಲ್ವಾ ಅಂದೆ.

ಇಲ್ಲಿ ಮಾತ್ರ ಬರೆದಿಡುತ್ತೇನೆ. ಎರಡು ವರ್ಷದ ಹಿಂದೆ ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬಾತ ಮಗಳನ್ನು ಕರೆದುಕೊಂಡು ಲಾಡ್ಜಿಗೆ ಬಂದಿದ್ದ. ಹತ್ತು ವರ್ಷದ ಹುಡುಗಿ. ಕೌಂಟರಿನ ಮುಂದೆ ನೆಲದ ಮೇಲೆ ಮಲಗಿ, ಕಿವಿ ಮುಚ್ಚಿಕೊಂಡು ಒಂದೇ ಸಮ ನರಳುತ್ತಿದ್ದಳು. ಒಳಗಿನಿಂದ ಮಾಲೀಕರು ಬೇಡ ಎಂದು ಕೈಯಾಡಿಸಿದರು. ರೂಮ್ ಖಾಲಿ ಇಲ್ಲ ಅಂದೆ. ನನ್ನ ಬೆನ್ನ ಹಿಂದಿನ ಹಲಗೆಯ ಮೇಲೆ ಒಂಬತ್ತು ಕೀಲಿ ತೂಗುತ್ತಿದ್ದವು. ಆತ ಕೀಲಿಗಳನ್ನು ನೋಡಿದ, ನನ್ನನ್ನು ನೋಡಿದ. "ಆತು ಬಿಡ್ರಿ ಅಕ್ಕಾರ" ಎಂದು ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಬೈದಿದ್ದರೆ ಇಷ್ಟು ದಿನಕ್ಕೆ ಮರೆತಿರುತ್ತಿದ್ದೆ.

ಫೆಬ್ರವರಿ 21, ಶುಕ್ರವಾರ

ಇಡೀ ದಿನ ಮನೆ ಸರಿಮಾಡುವುದೇ ಆಯಿತು. ಮೇಘಾ ನನ್ನನ್ನು ನಡುಮನೆಯಲ್ಲಿ ಕೂರಿಸಿ, ಕಣ್ಣು ಮುಚ್ಚಿಕೊಂಡು ಕೇಳಿದ ಸದ್ದನ್ನೆಲ್ಲ ಹೇಳು ಅಂದಳು. ಟ್ಯೂಬ್‌ಲೈಟಿನ ಗುಂಯ್, ಫ್ಯಾನು ಒಂದೊಂದು ಸುತ್ತಿಗೂ ಟಕ್ ಅನ್ನುವುದು, ಬಚ್ಚಲಿನ ನಲ್ಲಿ, ಪಕ್ಕದ ಮನೆಯ ಮೋಟಾರು. ಇವನ್ನೆಲ್ಲ ನಲವತ್ತು ವರ್ಷ ನನ್ನ ಕಿವಿ ಕೇಳಿಯೇ ಇರಲಿಲ್ಲ. ಅಂಥ ಮಕ್ಕಳಿಗೆ ಇದೆಲ್ಲ ಒಟ್ಟಿಗೆ, ಜೋರಾಗಿ ಕೇಳುತ್ತದಂತೆ.

ಟ್ಯೂಬ್‌ಲೈಟು ತೆಗೆಸಿ ಹಳದಿ ಬಲ್ಬು ಹಾಕಿಸಿದೆ. ಫ್ಯಾನು ಬದಲಾಯಿತು. ಕಿಟಕಿಗೆ ದಪ್ಪ ಪರದೆ. ಯಾವ ಬಾಗಿಲ ಹಿಂದೆ ಏನಿದೆ ಎಂದು ತಿಳಿಯಲು ಬಾಗಿಲಿಗೆ ಚಿತ್ರ. ಮಾಳಿಗೆಯ ಬಾಗಿಲಿಗೆ ಮಕ್ಕಳಿಗೆ ಎಟುಕದಷ್ಟು ಎತ್ತರದಲ್ಲಿ ಚಿಲಕ. ಮೈಮೇಲೆ ಭಾರ ಬಿದ್ದರೆ ಕೆಲವರಿಗೆ ಸಮಾಧಾನವಾಗುತ್ತದೆ, ಪೇಟೆಯಲ್ಲಿ ಅದಕ್ಕೆಂದೇ ಕಂಬಳಿ ಸಿಗುತ್ತದೆ, ಬಲು ದುಬಾರಿ ಎಂದು ಮೇಘಾ ಹೇಳಿದಳು. ನಮ್ಮವ್ವ ಹೊಲಿದ ಕೌದಿಗಳನ್ನು ಟ್ರಂಕಿನಿಂದ ತೆಗೆದು ಕೊಟ್ಟೆ. ಒಂದನ್ನು ಹೊದ್ದು ನೋಡಿ, ಇದಕ್ಕಿಂತ ಭಾರದ್ದು ಯಾವ ಅಂಗಡಿಯಲ್ಲೂ ಇಲ್ಲ ಎಂದು ನಕ್ಕಳು.

ಕರೆಗಂಟೆ ತೆಗೆಸಿದ್ದನ್ನು ಗವಿಸಿದ್ದಪ್ಪನವರು ಗಮನಿಸಿದರು. ಕೆಟ್ಟಿದೆ ಅಂದೆ.

ಮಾರ್ಚ್ 9, ಭಾನುವಾರ

ಮೊದಲ ಪಾರ್ಟಿ ಬಂತು. ಸಿರುಗುಪ್ಪದ ಯಂಕಮ್ಮ, ಅವಳ ಮಗ ಓಬಳೇಶ. ಯಂಕಮ್ಮ ರೈಸ್ ಮಿಲ್ಲಿನ ಕಣದಲ್ಲಿ ಬೇಯಿಸಿದ ಭತ್ತ ಹರಡುವ ಕೆಲಸದವಳು. ಗಂಡ ಲಾರಿಯ ಮೇಲಿರುತ್ತಾನೆ. ಹುಡುಗನಿಗೆ ಎಂಟು ವರ್ಷ, ಮಾತಿಲ್ಲ. ಹದಿನೈದು ದಿನದ ತರಬೇತಿಗೆ ಎಂಟು ತಿಂಗಳು ಕಾದಿದ್ದಾರಂತೆ.

ಹುಡುಗ ಒಳಗೆ ಬಂದವನೇ ಎಲ್ಲ ಗೋಡೆಗಳನ್ನೂ ಒಂದೊಂದು ಸಲ ಮುಟ್ಟಿ, ಕೊನೆಗೆ ಮೂಲೆಯಲ್ಲಿ ಕೌದಿಯ ಕೆಳಗೆ ಹೊಕ್ಕು ಕೂತ. ಯಂಕಮ್ಮ ಮಾತ್ರ ಬಹಳ ಹೊತ್ತು ಹೊಸ್ತಿಲಲ್ಲೇ ನಿಂತಿದ್ದಳು, ಗಂಟು ಕೆಳಗಿಡದೆ. ಯಾರಾದರೂ ಬಂದು ಎಬ್ಬಿಸುತ್ತಾರೆ ಎಂದು ಕಾಯುತ್ತಿದ್ದಳೋ ಏನೋ. "ಇಲ್ಲಿ ಇವ ಒದರಿದ್ರ ಯಾರೂ ಏನೂ ಅನ್ನಲ್ಲೇನ್ರಿ?" ಎಂದು ಕೇಳಿದಳು. ಒದರಲಿ ಬಿಡ್ರಿ, ಅದಕ್ಕೇ ಮಾಡಿದ ಮನೆ ಅಂದೆ. ಹೇಳುವಾಗ ಹೆಮ್ಮೆ ಅನ್ನಿಸಿತು.

ಮಾರ್ಚ್ 12, ಬುಧವಾರ

ಎರಡು ದಿನ ಹುಡುಗ ಖುಷಿಯಾದಾಗಲೆಲ್ಲ ಒದರಿದ. ದುಃಖದ್ದಲ್ಲ, ಕುಣಿದಾಡುತ್ತ ಹಾಕುವ ಕೂಗು. ನಿನ್ನೆ ಬೆಳಿಗ್ಗೆ ಉಚ್ಚೆಂಗೆಮ್ಮ ಮೆಟ್ಟಿಲ ಬುಡದಲ್ಲಿ ನಿಂತು, ಏನದು ಸದ್ದು ಎಂದು ಕೇಳಿದಳು. ಟಿವಿ ಅಂದೆ. ಮೇಲೆ ಟಿವಿಯೇ ಇಲ್ಲ.

ಆಮೇಲೆ ಯಂಕಮ್ಮನನ್ನು ಅಡುಗೆಮನೆಗೆ ಕರೆದು ಹೇಳಿದೆ. "ಕೆಳಗಿನೋರು ಕೇಳಿದ್ರ, ಹುಡುಗನ ಕಿವಿ ತೋರ್ಸಾಕ ಬಂದೀವಿ ಅನ್ರಿ."

ಯಾಕೆ ಎಂದು ಕೇಳಿದಳು. ಜನಕ್ಕೆ ತಿಳಿಯುವುದಿಲ್ಲ, ಸುಮ್ಮನೆ ಮಾತು ಬೆಳೆಯುತ್ತದೆ ಅಂದೆ. ನನ್ನ ಮುಖ ನೋಡಿ ಹೂಂ ಎಂದು ತಲೆಯಾಡಿಸಿದಳು.

ಸಂಜೆ ಟ್ಯಾಂಕು ತುಂಬಿ ನೀರು ಚೆಲ್ಲಿದ್ದನ್ನು ಕಂಡು ಹುಡುಗ ಕೂಗಲು ಬಾಯಿ ತೆರೆದ. ಯಂಕಮ್ಮ ಓಡಿಬಂದು ಅಂಗೈಯಿಂದ ಅವನ ಬಾಯಿ ಮುಚ್ಚಿ, ಸರಿಯಾಯಿತೇ ಎಂಬಂತೆ ನನ್ನ ಕಡೆ ನೋಡಿದಳು. ಸರಿ ಎಂದು ಸನ್ನೆ ಮಾಡಿದೆ. ತಿಳಿವಳಿಕೆ ಇರುವ ಹೆಣ್ಣುಮಗಳು. ಮೊದಲ ಪಾರ್ಟಿಯೇ ಇಂಥದ್ದು ಸಿಕ್ಕಿದ್ದು ಒಳ್ಳೆಯದಾಯಿತು.

ಮಾರ್ಚ್ 17, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಪಕ್ಕದ ಖಾಲಿ ಸೈಟಿನಲ್ಲಿ ಇವತ್ತು ಬೋರ್‌ವೆಲ್ ಕೊರೆಯುತ್ತಾರೆ ಎಂದು ಗವಿಸಿದ್ದಪ್ಪನವರು ನನಗೆ ನಿನ್ನೆಯೇ ಹೇಳಿದ್ದರು. ಹುಡುಗನನ್ನು ಆ ಹೊತ್ತಿಗೆ ಬೇರೆ ಕಡೆ ಕರೆದುಕೊಂಡು ಹೋಗಿ ಎಂದು ನಾನು ಯಂಕಮ್ಮನಿಗೆ ಹೇಳಬಹುದಿತ್ತು. ಇಬ್ಬರೂ ಬಿಸಿಲಲ್ಲಿ ಹೊರಟರೆ ಎಲ್ಲಿಗೆ, ಯಾಕೆ ಎಂದು ಕೆಳಗಿನವರು ಕೇಳುತ್ತಾರಲ್ಲ ಎಂದು ಸುಮ್ಮನಾದೆ.

ತರಬೇತಿ ಮುಗಿಸಿ ಅವರು ಮನೆಗೆ ಬಂದು ಕೂತಿದ್ದಾಗ, ಹನ್ನೊಂದೂವರೆಗೆ ಯಂತ್ರ ಶುರುವಾಯಿತು. ಗೋಡೆ ನಡುಗಿತು. ಹುಡುಗ ಮುಂಬಾಗಿಲು ತೆಗೆದು ಮೆಟ್ಟಿಲಿಳಿದು ಓಡಿದ. ಅಂಗಳದಲ್ಲಿ ಉಚ್ಚೆಂಗೆಮ್ಮ ಹಾಕಿದ್ದ ಸಂಡಿಗೆಯ ಮೇಲೆ ಹಾದು, ಗೇಟಿಗೆ ಹಣೆ ಚಚ್ಚಿಕೊಳ್ಳತೊಡಗಿದ. ಯಂಕಮ್ಮ ಹಿಂದಿನಿಂದ ಅವನನ್ನು ಅವಚಿ ಹಿಡಿದು, ಗೇಟಿಗೂ ಅವನ ಹಣೆಗೂ ನಡುವೆ ತನ್ನ ಕೈ ಇಟ್ಟಳು. ಆ ಕೈಯ ಮೇಲೆ ಅವನು ಚಚ್ಚಿದ. ಅಕ್ಕಪಕ್ಕದವರು ಬಂದು ಸುತ್ತ ನಿಂತರು. ಕೆಲವರ ಕೈಯಲ್ಲಿ ಮೊಬೈಲು.

ಗವಿಸಿದ್ದಪ್ಪನವರು ಹೊರಗೆ ಬಂದು ನನ್ನ ಕಡೆ ತಿರುಗಿದರು. "ಏನಿದು? ಏನಾಗೈತಿ ಈ ಹುಡುಗಗ? ನಿನಗ ಗೊತ್ತಿತ್ತೇನು?"

ನಾನು ಅಂದೆ: "ಗೊತ್ತಿದ್ದಿಲ್ರಿ. ಮುಚ್ಚಿಟ್ಟು ಬಂದಾರ. ಇವತ್ತೇ ಕಳಿಸ್ತೀನಿ."

ಯಂತ್ರದ ಸದ್ದಿನಲ್ಲೂ ಯಂಕಮ್ಮನಿಗೆ ಅದು ಕೇಳಿಸಿತು. ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. ಇಂಥ ಹುಡುಗನನ್ನು ಹೇಳದೆ ಕೇಳದೆ ತಂದು ಇಡುತ್ತೀರೇನು ಎಂದು ಗವಿಸಿದ್ದಪ್ಪನವರು ಹತ್ತು ಜನರ ಮುಂದೆ ಅವಳಿಗೆ ಬೈದರು. ಅವಳು ನನ್ನ ಕಡೆ ಬೊಟ್ಟು ಮಾಡಬಹುದಿತ್ತು. "ತಪ್ಪಾತ್ರಿ" ಅಂದಳು, ಅಷ್ಟೇ.

ಮೂರು ಗಂಟೆಗೆ ಹೊರಟುಹೋದರು. ಆಟೊ ತರುತ್ತೇನೆ ಎಂದು ರಸ್ತೆಗೆ ಹೋಗಿ ಬರುವಷ್ಟರಲ್ಲಿ ಅವರಿರಲಿಲ್ಲ. ಆ ಬಿಸಿಲಲ್ಲಿ ನಡೆದೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾಳೆ. ರೂಮು ಗುಡಿಸಿತ್ತು. ಕೌದಿ ಮಡಿಸಿಟ್ಟಿತ್ತು. ತರಬೇತಿ ಇನ್ನೂ ಏಳು ದಿನ ಬಾಕಿ ಇತ್ತು.

ಮಾರ್ಚ್ 18, ಮಂಗಳವಾರ

ಉಚ್ಚೆಂಗೆಮ್ಮನಿಗೆ ಮತ್ತೆ ಸಂಡಿಗೆ ಹಾಕಲು ನೆರವಾದೆ. ನಿನಗೂ ಮೋಸ ಮಾಡಿದರಲ್ಲವ್ವ ಎಂದು ನನ್ನ ಮೇಲೆ ಕನಿಕರಪಟ್ಟು ಮಜ್ಜಿಗೆ ಕೊಟ್ಟಳು. ಕುಡಿದೆ.

ಮಾರ್ಚ್ 20, ಗುರುವಾರ

ಮೇಘಾಳ ಫೋನು ಎರಡು ದಿನ ಎತ್ತಲಿಲ್ಲ. ಇವತ್ತು ಅವಳೇ ಬಂದಳು. ಯಂಕಮ್ಮ ಯಾಕೆ ಬರುತ್ತಿಲ್ಲ, ಫೋನು ಮಾಡಿದರೆ ಏನೂ ಹೇಳುತ್ತಿಲ್ಲ ಅಂದಳು. ಮಿಲ್ಲಿನಲ್ಲಿ ಕೆಲಸ ಹೋಗುತ್ತದೆ ಎಂದು ಊರಿಗೆ ಹೋದಳು ಅಂದೆ. ಯೋಚಿಸಿ ಹೇಳಿದ್ದಲ್ಲ, ತಾನಾಗಿಯೇ ಬಾಯಿಗೆ ಬಂತು.

ಮೇಘಾ ನಂಬಿದಳು. "ಹಿಂಗ ಆಗ್ತೈತಿ ನೋಡು. ಹುಡುಗ ಈಗಷ್ಟೇ ಬೇಕಾದ್ದನ್ನ ಬೆರಳಿಂದ ತೋರ್ಸಾಕ ಶುರು ಮಾಡಿದ್ದ. ತಾಯಂದಿರಿಗೇ ನಿಲ್ಲೋ ಮನಸ್ಸಿಲ್ಲಂದ್ರ ನಾ ಏನು ಮಾಡ್ಲಿ" ಎಂದು ಬೇಸರಪಟ್ಟಳು. ಓಬಳೇಶನ ಜಾಗವನ್ನು ಬೇರೆ ಮಗುವಿಗೆ ಕೊಟ್ಟಳು.

ಎಂಟು ತಿಂಗಳು ಕಾದವಳಿಗೆ ನಿಲ್ಲುವ ಮನಸ್ಸಿಲ್ಲ ಎಂಬ ಹೆಸರು ಬಂತು. ತಂದವಳು ನಾನು. ಮೇಘಾ ಮೆಟ್ಟಿಲಿಳಿಯುವವರೆಗೂ ನಿಜ ಹೇಳಲು ಸಮಯವಿತ್ತು. ಹದಿನೆಂಟು ಮೆಟ್ಟಿಲು.

ಮಾರ್ಚ್ 30, ಭಾನುವಾರ

ಯುಗಾದಿ. ಕೆಳಗಿನಿಂದ ಹೋಳಿಗೆ ಬಂತು. ತಟ್ಟೆ ತೊಳೆದು ವಾಪಸ್ ಕೊಟ್ಟೆ.

ಏಪ್ರಿಲ್ 23, ಬುಧವಾರ

ಇಲ್ಲಿಯವರೆಗೆ ಐದು ಕುಟುಂಬ ಬಂದು ಹೋದವು. ಒಬ್ಬೊಬ್ಬರಿಗೆ ಒಂದೊಂದು ರೋಗ ಕಲಿಸುತ್ತಿದ್ದೇನೆ. ಕಣ್ಣು, ಹೊಟ್ಟೆ, ಹಲ್ಲು. ರೂಪನಗುಡಿಯಿಂದ ಬಂದ ಒಬ್ಬ ತಂದೆ ನನ್ನ ಮಾತು ಮುಗಿಯುವ ಮೊದಲೇ, ಗೊತ್ತಾಯಿತು, ನಮಗೆ ರೂಢಿ ಇದೆ ಅಂದ. ಮಗಳಿಗೂ ಅವನೇ ಪಾಠ ಮಾಡಿದ. ಅವಳ ಹೆಸರು ಕೇಳುವುದನ್ನೇ ಮರೆತೆ.

ಯಂಕಮ್ಮನ ನಂಬರು ಮೊಬೈಲಿನಲ್ಲಿದೆ. ತೆಗೆದು ನೋಡಿ ಇಡುತ್ತೇನೆ. ಮಾಡಿದರೆ ಏನು ಹೇಳಲಿ?

ಮೇ 26, ಸೋಮವಾರ

ಕುರುಗೋಡಿನ ಟೇಲರ್ ಚನ್ನಬಸವರಾಜ ಮಗಳು ಪೂಜಿತಾಳನ್ನು ಕರೆದುಕೊಂಡು ಬಂದ. ಇಪ್ಪತ್ತು ವರ್ಷ, ಡಿಗ್ರಿ ಓದುತ್ತಿದ್ದಾಳೆ. ನಾಳೆಯಿಂದ ದಿನ ಬಿಟ್ಟು ದಿನ ಮೂರು ಪರೀಕ್ಷೆ. ಕಳೆದ ಸಲ ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಬರೆದಳಂತೆ. ಆ ನೂಕುನುಗ್ಗಲು, ಹಾರ್ನಿನಲ್ಲಿ ಬಂದು ಇಳಿಯುವಷ್ಟರಲ್ಲಿ ಸೋತುಹೋಗಿ, ಗೊತ್ತಿದ್ದ ಉತ್ತರಗಳನ್ನೂ ಬರೆಯಲಾಗದೆ ಎರಡು ವಿಷಯ ಹೋದವು. ಅದಕ್ಕೇ ಈ ಸಲ ಇಲ್ಲಿ.

ಪೂಜಿತಾ ಮನೆಯನ್ನೆಲ್ಲ ಸುತ್ತಿ, ಅಡುಗೆಮನೆಯ ಗಡಿಯಾರ ಸದ್ದು ಮಾಡುತ್ತದೆ ಅಂದಳು. ಸೆಲ್ ತೆಗೆದೆ. ಊಟ ಎಷ್ಟು ಹೊತ್ತಿಗೆ, ಏನು ಊಟ ಎಂದು ಬರೆದುಕೊಡಿ ಅಂದಳು. ಬರೆದುಕೊಟ್ಟೆ. ಆಮೇಲೆ ನನ್ನ ಎಂದಿನ ಮಾತು ಹೇಳಿದೆ, ಕೆಳಗಿನವರು ಕೇಳಿದರೆ ಕಿವಿ ತೋರಿಸಲು ಬಂದಿದ್ದೇವೆ ಅನ್ನು ಎಂದು.

"ನನ್ನ ಕಿವಿ ಚೊಲೋ ಅದಾವ್ರಿ ಆಂಟಿ. ಸುಳ್ಳು ಯಾಕ ಹೇಳ್ಬೇಕು?"

ಚನ್ನಬಸವರಾಜ ನೆಲ ನೋಡುತ್ತ, ಅವಳು ಮಾತಾಡುವುದೇ ಹಾಗೆ, ತಪ್ಪು ತಿಳಿಯಬೇಡಿ ಅಂದ. ಪೂಜಿತಾ ನನ್ನನ್ನು ಹಂಗಿಸಲು ಕೇಳಿದ್ದಲ್ಲ. ನಿಜವಾಗಿಯೂ ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಅಕ್ಕಿ ತೊಳೆಯಬೇಕು ಎಂದು ಒಳಗೆ ಹೋದೆ. ಐದು ನಿಮಿಷ ಬಿಟ್ಟು ಬಂದರೂ ಅಲ್ಲೇ ನಿಂತಿದ್ದಳು.

ಮೇ 27, ಮಂಗಳವಾರ

ಬೆಳಿಗ್ಗೆ ಅಪ್ಪ ಮಗಳು ಪರೀಕ್ಷೆಗೆ ಹೊರಟರು. ನಾನು ಮೆಟ್ಟಿಲ ಮೇಲಿದ್ದೆ. ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದ ಗವಿಸಿದ್ದಪ್ಪನವರು ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದರು, ಯಾವ ಊರು, ಆಸ್ಪತ್ರೆಗೆ ಬಂದಿದ್ದೀರೇನು ಎಂದು.

ಪೂಜಿತಾ ಗಿಡದ ಕಡೆ ನೋಡುತ್ತ ಹೇಳಿದಳು: "ಕುರುಗೋಡು. ಪರೀಕ್ಷಿ ಬರಿಯಾಕ ಬಂದೀನಿ. ನನಗ ಆಟಿಸಂ ಐತಿ. ಈ ಮನಿ ನನ್ನಂಥೋರಿಗೆ ಅಂತ ಮಾಡ್ಯಾರ. ಚೊಲೋ ಐತಿ. ನಿಮ್ಮ ಗೇಟು ಮಾತ್ರ ಬಾಳ ಕಿರಗುಡ್ತೈತಿ, ಎಣ್ಣಿ ಹಾಕ್ರಿ."

ಹೇಳಿ ಹೊರಟೇಹೋದಳು. ಗವಿಸಿದ್ದಪ್ಪನವರು ತಲೆಯೆತ್ತಿ ನನ್ನನ್ನು ನೋಡಿದರು. ನೀರಿನ ಪೈಪು ಅವರ ಕಾಲ ಮೇಲೇ ಸುರಿಯುತ್ತಿತ್ತು.

ಸಂಜೆ ಕೆಳಗೆ ಕರೆದರು. ಉಚ್ಚೆಂಗೆಮ್ಮನೂ ಕೂತಿದ್ದಳು. ಎಲ್ಲ ಹೇಳಿದೆ. ಮೇಘಾಳ ಹಾಳೆ, ಕೆಡದ ಕರೆಗಂಟೆ, ಇಲ್ಲದ ಟಿವಿ, ಕಲಿಸಿದ ರೋಗಗಳು. ಅವರು ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಹಂಗಾರ ಆ ಸಿರುಗುಪ್ಪದ ಹೆಣ್ಮಗಳು?"

"ಆಕಿ ಏನೂ ಮುಚ್ಚಿಟ್ಟಿದ್ದಿಲ್ರಿ. ಮುಚ್ಚಿಡು ಅಂದಾಕಿ ನಾನು."

ಗೇಟಿನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಅಂದರು: "ಮೊದ್ಲ ಕೇಳಿದ್ರ ನಾ ಬ್ಯಾಡ ಅಂತಿದ್ನೋ ಏನೋ. ಅಂದಿದ್ರ ಅದು ನನ್ನ ಪಾಪ ಆಗ್ತಿತ್ತು, ನಾ ಹೊರ್ತಿದ್ದೆ. ಈಗ ನಿಂದೂ ನಂದೂ ಕೂಡಿ ಆಕಿ ತಲಿ ಮ್ಯಾಲ ಹೋತು. ಹತ್ತು ಮಂದಿ ಮುಂದ ಬೈಯಿಸಿದಿ ನನ್ನ ಕಡಿಂದ."

ಮನೆ ಬಿಡುತ್ತೇನೆ ಅಂದೆ. ಬೇಡ ಅಂದರು. ಬಿಟ್ಟರೆ ಆ ಹುಡುಗಿ ನಾಡಿದ್ದು ಎಲ್ಲಿಂದ ಪರೀಕ್ಷೆಗೆ ಹೋಗಬೇಕು ಎಂದು ನನ್ನನ್ನೇ ಕೇಳಿದರು. ಆದರೆ ಇನ್ನು ಮೇಲೆ ಬರುವವರು ಮೊದಲು ತಮ್ಮ ಹತ್ತಿರ ಬಂದು ಕೂತು ಮಾತಾಡಿ ಮೇಲೆ ಹೋಗಬೇಕು. ನಿನ್ನ ಬಾಯಿಂದ ಬೇಡ, ಅವರ ಬಾಯಿಂದಲೇ ಕೇಳುತ್ತೇನೆ ಅಂದರು.

ಹನ್ನೊಂದು ವರ್ಷ ಲಾಡ್ಜಿನ ಕೌಂಟರಿನಲ್ಲಿ ಕೂತವಳು ನಾನು. ಬಂದವರ ಮುಖ ನೋಡಿ ನಂಬುವುದೋ ಬಿಡುವುದೋ ಎಂದು ತೀರ್ಮಾನಿಸುತ್ತಿದ್ದೆ. ಇವತ್ತು ನನ್ನ ಮುಖವನ್ನು ಹಾಗೆ ನೋಡಿದರು.

ಪೂಜಿತಾ ಮೂರು ತಾಸೂ ಬರೆದಳಂತೆ. ಊಟಕ್ಕೆ ಕೂತಾಗ ಕೆಳಗೆ ನಡೆದದ್ದನ್ನು ಅವಳಿಗೆ ಹೇಳಿದೆ. "ಹಂಗಾರ ಈಗ ಸರಿ ಆತಲ್ರಿ" ಎಂದು ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಮೇ 28, ಬುಧವಾರ

ಗವಿಸಿದ್ದಪ್ಪನವರು ಗೇಟಿಗೆ ಎಣ್ಣೆ ಹಾಕಿದ್ದಾರೆ. ನನ್ನ ಜೊತೆ ಮಾತಿಲ್ಲ.

ಜೂನ್ 3, ಮಂಗಳವಾರ

ಪೂಜಿತಾ ಮತ್ತು ಅವಳ ಅಪ್ಪ ಭಾನುವಾರ ಊರಿಗೆ ಹೋದರು. ಇವತ್ತು ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆಯಲ್ಲಿ ಇಳಿದು ವಾಪಸ್ ಹೋಗಿಬಿಡಲೇ ಅನ್ನಿಸಿತು. ಇಳಿಯಲಿಲ್ಲ.

ಮಿಲ್ಲಿನ ಕಣದಲ್ಲಿ ಯಂಕಮ್ಮ ಸೆರಗು ಸೊಂಟಕ್ಕೆ ಕಟ್ಟಿ, ಕಾಲಿನಿಂದ ಭತ್ತಕ್ಕೆ ಸಾಲು ಹಾಕುತ್ತ ನಡೆಯುತ್ತಿದ್ದಳು. ಗೋದಾಮಿನ ನೆರಳಲ್ಲಿ ಓಬಳೇಶ ಒಂದು ಹಿಡಿ ಭತ್ತವನ್ನು ಬೆರಳ ಸಂದಿಯಿಂದ ಬಿಡುತ್ತ ಕೂತಿದ್ದ. ನನ್ನನ್ನು ನೋಡಿ ಅವಳು ನಿಲ್ಲಲಿಲ್ಲ. ಕಣದ ಅಂಚಿನಲ್ಲೇ ನಾನೂ ಅವಳ ಜೊತೆ ಜೊತೆಗೆ ನಡೆಯಬೇಕಾಯಿತು. ತಪ್ಪು ನನ್ನದು, ಓನರಿಗೆ ನಿಜ ಹೇಳಿದ್ದೇನೆ, ಕ್ಷಮಿಸಿ ಅಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಉಳಿದದ್ದು ಅಷ್ಟೇ.

ಸಾಲು ಮುಗಿಸಿ ನಿಂತಳು.

"ನನ್ನ ಮಗನ್ನ ಅಂದಿದ್ದಕ್ಕ ನನಗ ಸಿಟ್ಟಿಲ್ರಿ ಅಕ್ಕಾರ. ಎಲ್ಲಾರೂ ಅಂತಾರ. ಆದ್ರ ನಿಮ್ಮ ಮನ್ಯಾಗ ಮೊದಲ್ನೇ ಎರಡು ದಿನ ನಾ ಅವನ ಬಾಯಿ ಮುಚ್ಚಿದ್ದಿಲ್ಲ. ಎಂಟು ವರ್ಷದಾಗ ಆ ಎರಡೇ ದಿನ. ಅದನ್ನ ಕೊಟ್ಟು ಕಸ್ಕೊಂಡ್ರಲ್ಲ, ಅದಕ್ಕ."

ನನಗೆ ಆಗ ನೆನಪಾಯಿತು. ಟ್ಯಾಂಕು ತುಂಬಿ ಚೆಲ್ಲಿದ ಸಂಜೆಯ ಬಗ್ಗೆ ಇದೇ ಪುಸ್ತಕದಲ್ಲಿ ನಾನು ಏನು ಬರೆದಿದ್ದೆ ಎಂದು. ಮನೆಗೆ ಬಂದು ತೆಗೆದು ಓದಿದೆ. ತಿಳಿವಳಿಕೆ ಇರುವ ಹೆಣ್ಣುಮಗಳು ಎಂದು ಬರೆದಿದ್ದೇನೆ. ಆ ಪುಟ ಹರಿಯಬೇಕೆಂದು ಹಿಡಿದೆ. ಹರಿಯಲಿಲ್ಲ. ಇರಲಿ.

ಅಲ್ಲಿ ಕಣದಲ್ಲೇ, ಮೇಘಾ ಮೇಡಂಗೆ ಏನು ಹೇಳಿದ್ದೀರಿ ಎಂದು ಯಂಕಮ್ಮ ಕೇಳಿದಳು. ಅದನ್ನೂ ಹೇಳಿದೆ. "ಈಗ ಮಾಡ್ರಿ ಫೋನು. ನನ್ನ ಮುಂದ" ಅಂದಳು. ಸ್ಪೀಕರ್ ಹಾಕಿ ಮಾಡಿದೆ. ಕಣದಲ್ಲಿದ್ದ ಇನ್ನೂ ನಾಲ್ಕು ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಯಂಕಮ್ಮ ತಾನಾಗಿ ಹೋಗಲಿಲ್ಲ, ನಾನೇ ಕಳಿಸಿದೆ, ನಿನಗೆ ಹೇಳಿದ್ದು ಸುಳ್ಳು ಎಂದು ಹೇಳಿದೆ. ಮೇಘಾ ಬಹಳ ಸಣ್ಣ ದನಿಯಲ್ಲಿ ಯಂಕಮ್ಮನ ಕೈಗೆ ಫೋನು ಕೊಡು ಅಂದಳು. ಅವರಿಬ್ಬರೂ ಏನು ಮಾತಾಡಿದರೋ, ಯಂಕಮ್ಮ ಫೋನು ಹಿಡಿದುಕೊಂಡು ದೂರ ಹೋದಳು. ನಾನು ಓಬಳೇಶನ ಪಕ್ಕ ಕೂತೆ. ನನ್ನ ಅಂಗೈ ಮೇಲೂ ಅವನು ಸ್ವಲ್ಪ ಭತ್ತ ಸುರಿದ.

ಬಳ್ಳಾರಿಯ ಆ ಮನೆಗೆ ಮಾತ್ರ ಇನ್ನು ಬರುವುದಿಲ್ಲ ಎಂದು ಯಂಕಮ್ಮ ಹೇಳಿದಳು. ಗವಿಸಿದ್ದಪ್ಪನವರೂ ನೊಂದುಕೊಂಡಿದ್ದಾರೆ ಅಂದೆ. ನೊಂದುಕೊಳ್ಳಲಿ, ಆದರೂ ಆ ಗೇಟು ನೋಡಲಾರೆ ಅಂದಳು.

ಜೂನ್ 8, ಭಾನುವಾರ

ಮೇಘಾ ಬಂದಿದ್ದಳು. ಚಹಾ ಬೇಡ ಅಂದಳು. ನಮ್ಮಿಬ್ಬರ ಸ್ನೇಹ ಮೊದಲಿನಂತಾಗಲು ಎಷ್ಟು ದಿನ ಬೇಕೋ, ಆಗುತ್ತದೋ ಇಲ್ಲವೋ. ಕೆಲಸದ ಮಾತಷ್ಟೇ ಆಡಿದಳು. ಓಬಳೇಶ, ತೆಕ್ಕಲಕೋಟೆಯ ಇಬ್ಬರು, ಇನ್ನೂ ಯಾರಾದರೂ ಸೇರಿದರೆ ವಾರಕ್ಕೆ ಎರಡು ದಿನ ತಾನೇ ಸಿರುಗುಪ್ಪಕ್ಕೆ ಹೋಗುತ್ತಾಳೆ. ಹಳ್ಳಿಗಳಿಂದ ಬರುವವರು ಆ ಎರಡು ದಿನ ಉಳಿಯುವುದಕ್ಕೆ ಅಲ್ಲೊಂದು ಮನೆ ಬೇಕು.

"ಮನಿ ನೋಡು. ಆದ್ರ ಒಬ್ಬಾಕಿನೇ ಹೋಗಬ್ಯಾಡ. ಯಂಕಮ್ಮನ್ನ ಕರ್ಕೊಂಡು ಹೋಗು. ಓನರ್ ಜೊತಿ ಆಕಿ ಮಾತಾಡ್ಲಿ."

ಒಪ್ಪಿದೆ. ಒಪ್ಪದಿರಲು ನನಗೆ ಯಾವ ಮುಖವಿದೆ?

ಜೂನ್ 22, ಭಾನುವಾರ

ಯಂಕಮ್ಮ, ಓಬಳೇಶ, ನಾನು ಬೆಳಿಗ್ಗೆಯಿಂದ ನಾಲ್ಕು ಮನೆ ನೋಡಿದೆವು. ಯಂಕಮ್ಮ ಚಪ್ಪಲಿ ಬಿಡುವ ಮೊದಲೇ ಹೇಳಿಬಿಡುತ್ತಾಳೆ. "ಇವ ನನ್ನ ಮಗ. ಮಾತು ಬರಲ್ಲ, ಒದರ್ತಾನ. ಇಂಥೋರೇ ಬಂದು ಇರ್ತಾರ. ಕೊಡ್ತೀರೇನ್ರಿ?" ಕೇಳುತ್ತ ನಿಂತ ನನ್ನ ಕಿವಿ ಬಿಸಿಯಾಗುತ್ತಿತ್ತು. ಮೊದಲನೆಯವರು ಬಾಗಿಲು ಹಾಕಿಕೊಂಡರು. ಎರಡನೆಯವರು ನೀರು ಕೊಟ್ಟು ಇಲ್ಲ ಅಂದರು. ಮೂರನೆಯವನು, ಯಾವ ಜನ್ಮದ ಕರ್ಮವೋ ಎಂದು ಹುಡುಗನ ತಲೆ ಸವರಲು ಬಂದ. ಓಬಳೇಶ ತಲೆ ತಪ್ಪಿಸಿಕೊಂಡ.

ನಾಲ್ಕನೆಯದು ಕಾಲುವೆಯ ಕಡೆ, ಹನುಮಮ್ಮ ಎಂಬ ಟೀಚರಮ್ಮನ ಮನೆ. ರಿಟೈರಾಗಿ ತಂಗಿಯ ಜೊತೆ ಹಿಂದಿನ ಭಾಗದಲ್ಲಿದ್ದಾರೆ. ಯಂಕಮ್ಮನ ಮಾತು ಪೂರ್ತಿ ಕೇಳಿ, ಎಷ್ಟು ಹೊತ್ತು ಒದರುತ್ತಾನೆ ಎಂದು ಕೇಳಿದರು. ಒಮ್ಮೊಮ್ಮೆ ಅರ್ಧ ತಾಸು ಅಂದಳು. ಶಾಲೆಯಲ್ಲಿ ಇಂಥ ಒಬ್ಬ ಹುಡುಗನನ್ನು ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಕೂರಿಸಿ, ಅವನ ಕಡೆ ತಿರುಗಿ ಸಹ ನೋಡಲಿಲ್ಲ ಎಂದು ಟೀಚರಮ್ಮ ತಾವಾಗಿಯೇ ಹೇಳಿದರು. ಯಾರೂ ಕೇಳಿರಲಿಲ್ಲ. ಆಮೇಲೆ ಬೀಗದಕೈ ತರಲು ಒಳಗೆ ಹೋದರು.

ಇಂಥ ತಪ್ಪು ನನ್ನೊಬ್ಬಳದೇ ಅಂದುಕೊಂಡಿದ್ದೆ.

ಜುಲೈ 3, ಗುರುವಾರ

ಸಿರುಗುಪ್ಪದ ತಾಲ್ಲೂಕು ಕಚೇರಿಯ ಹೊರಗೆ ಟೈಪ್ ಮಾಡುವವನ ಅಂಗಡಿಯಲ್ಲಿ ಬಾಡಿಗೆ ಕರಾರು ಬರೆಸಲು ಕೂತಿದ್ದೆ. ಹಿಂದೆ ಏಳೆಂಟು ಜನ ತಮ್ಮ ತಮ್ಮ ಕಾಗದ ಹಿಡಿದು ನಿಂತಿದ್ದರು. ಹೆಸರು, ವಿಳಾಸ ಎಲ್ಲ ಆಯಿತು. ಯಾವ ಉದ್ದೇಶಕ್ಕೆ ಮನೆ ಎಂದು ಟೈಪ್ ಮಾಡುವವನು ಕೇಳಿದ. ಹೇಳಿದೆ. ಅವನಿಗೆ ಕೇಳಿಸಲಿಲ್ಲ.

ಎರಡನೇ ಸಲ ಜೋರಾಗಿ ಹೇಳಿದೆ. "ಆಟಿಸಂ ಇರೋರು, ಮೆದುಳು ಬ್ಯಾರೆ ಥರ ಕೆಲಸ ಮಾಡೋರು, ಮಕ್ಕಳಿರ್ಲಿ, ದೊಡ್ಡೋರಿರ್ಲಿ, ಅವರ ಮನಿಯೋರು, ಕೆಲವು ದಿನ ಉಳಿಯಾಕ."

"ಅಂದ್ರ ಹುಚ್ಚರಿಗೇನ್ರಿ?" ಅಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಏನು ಟೈಪ್ ಮಾಡಬೇಕೋ ತಿಳಿಯದೆ ಕೇಳಿದ. ಹಿಂದೆ ಒಬ್ಬರು ನಕ್ಕರು. ಅಲ್ಲ ಎಂದು ಅವನಿಗೆ ಬಿಡಿಸಿ ಹೇಳಿದೆ. ಓಬಳೇಶನ ವಿಷಯ ಹೇಳಿದೆ, ಪೂಜಿತಾ ಪರೀಕ್ಷೆ ಬರೆದದ್ದನ್ನು ಹೇಳಿದೆ. ಕೊನೆಗೆ ಒಂದೊಂದೇ ಪದ ಹೇಳುತ್ತ ಹೋದೆ, ಅವನು ಟೈಪ್ ಮಾಡುತ್ತ ಹೋದ. ಬಹಳ ಹೊತ್ತು ಹಿಡಿಯಿತು. ಸಾಲಿನಲ್ಲಿದ್ದವರು ಗೊಣಗಿದರು.

ಕಾಗದ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರೋ "ಅಕ್ಕಾರ" ಅಂದರು. ಸಾಲಿನಲ್ಲಿ ನಿಂತಿದ್ದ ಹಿರಿಯ. ತನ್ನ ಸರದಿ ಬಿಟ್ಟು ಬಂದಿದ್ದ. ಸಿರಿಗೇರಿಯವನಂತೆ, ಹಾಲಸಿದ್ದಪ್ಪ ಎಂದು ಹೆಸರು. ಹೊಲದ ಪಹಣಿಗೆ ಬಂದಿದ್ದೆ ಅಂದ. ಏನೋ ಕೇಳಬೇಕೆಂದು ಬಂದವನು ಟವಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ಆ ಮನಿ ಎಲ್ಲೈತ್ರಿ?"

ಕಾಲುವೆಯ ಕಡೆ, ಹನುಮಮ್ಮ ಟೀಚರ ಮನೆ ಅಂದೆ.

"ನಮ್ಮ ಮಗಳದಾಳ್ರಿ. ಇಪ್ಪತ್ತೆರಡು ವರ್ಷ. ಊರಾಗ ಬಾಳ ಮಂದಿಗೆ ಗೊತ್ತಿಲ್ಲ, ಅದಾಳಂತ."

ನಾನು ಅವನಿಗೆ ಏನೂ ಹೇಳಲು ಹೋಗಲಿಲ್ಲ. ಹೇಳಲು ನಾನ್ಯಾರು? ಮಗಳ ಹೆಸರೇನು ಎಂದಷ್ಟೇ ಕೇಳಿದೆ. ಹಾಲಸಿದ್ದಪ್ಪ ಹಿಂದೆ ತಿರುಗಿ ಸಾಲಿನಲ್ಲಿ ನಿಂತವರನ್ನು ನೋಡಿದ, ರಸ್ತೆಯ ಕಡೆ ನೋಡಿದ.

ಆಮೇಲೆ ಹೇಳಿದ. ಹಂಪಮ್ಮ.